ಹಗೇವಿನ ಬಡ್ಡಿ, ಗಡಿಗೆಯ ಬಡ್ಡಿ

ಈ ಬೇಸಿಗೆಯಲ್ಲಿ ಇಂಡಿ ಊರಿನ ನಮ್ಮ ಓಣಿಯನ್ನು ಒಳಚರಂಡಿಗೆಂದು ಅಗೆಯುತ್ತ ಬಂದ ಜೆಸಿಬಿ ಒಂದು ಮುಂಜಾನೆ ನಮ್ಮ ಮನೆಯ ಕಟ್ಟೆಯ ಎದುರಿಗೇ ನಿಂತು, ನೆಲದೊಳಗಿಂದ ಒಂದು ಹಾಸುಗಲ್ಲನ್ನು ಎತ್ತಿತು. ಕಲ್ಲಿನ ಕೆಳಗೆ ಬಾವಿಯಂಥ ಕತ್ತಲೆ. ಆ ಕತ್ತಲೆಯಿಂದ ಒಂದು ವಾಸನೆ ಎದ್ದು ಬಂದು, ಕಟ್ಟೆಯ ಮೇಲೆ ಚಹಾ ಹಿಡಿದು ಕೂತಿದ್ದ ನನ್ನ ಮೂಗಿಗೆ ಬಡಿಯಿತು. ಹುಳಿ ಬಂದ ಹಿಟ್ಟು, ಜೋಳದ ದಂಟಿನ ಒದ್ದೆ ಕಣಿಕೆ, ಎಷ್ಟೋ ಕಾಲ ಬಾಯಿ ಮುಚ್ಚಿಕೊಂಡಿದ್ದ ಮಣ್ಣು, ಎಲ್ಲವನ್ನೂ ಕಲಸಿದಂಥ ವಾಸನೆ. ಜೆಸಿಬಿಯವನು ಕೆಳಗೆ ಹಾರಿ ಬಗ್ಗಿ ನೋಡಲು ಹೋದ.

"ಏ, ಬಗ್ಗಬ್ಯಾಡ್ರಿ! ಹಗೇವ ಅದು! ಗಾಳಿ ಹೊರಗ ಹೋಗಲಿ ಮೊದಲ!" ಎಂದು ಯಾರೋ ಕೂಗಿದರು.

ಕೂಗಿದವನು ನಾನೇ ಎಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು. ಕಾಲೇಜಿನ ಕಚೇರಿಯಲ್ಲಿ ಪ್ರಾಚಾರ್ಯರ ಮುಂದೆ ದನಿ ತಗ್ಗಿಸಿ ತಗ್ಗಿಸಿ ಐವತ್ತು ದಾಟಿದವನ ಗಂಟಲಿನಿಂದ ಹುಟ್ಟೂರು ಯಂಕಂಚಿಯ ನಮ್ಮ ಅಪ್ಪನ ದನಿ ಹೊರಬಿದ್ದಿತ್ತು.

ಹಗೇವು ಎಂದರೇನೆಂದು ತಿಳಿಯದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಸಂಕೋಚ ಬೇಡ, ನನ್ನ ಮಗಳಿಗೂ ತಿಳಿಯದು. ನಮ್ಮ ಕಡೆ ಮೊದಲು ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಗಟ್ಟಿ ನೆಲ ನೋಡಿ, ಹೂಜಿಯ ಆಕಾರದಲ್ಲಿ ಅಗೆಯುವುದು: ಕೊರಳು ಸಣ್ಣದು, ಹೊಟ್ಟೆ ದೊಡ್ಡದು. ಒಳಗೋಡೆಗೆ ಕಣಿಕೆ ಸುತ್ತಿ, ತಳಕ್ಕೆ ಹೊಟ್ಟು ಹಾಸಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ, ಸಂದಿಗೆಲ್ಲ ಕೆಸರು ಮೆತ್ತಿ ಬಿಟ್ಟರೆ ಆಯಿತು. ಗಾಳಿ ಇಲ್ಲ, ಹುಳ ಇಲ್ಲ, ಕಳ್ಳರಿಗೂ ಕಷ್ಟ. ವರ್ಷಗಟ್ಟಲೆ ಜೋಳ ಅಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿತ್ತು. ಅದರ ರೊಟ್ಟಿಗೆ ಒಂದು ಬಗೆಯ ವಾಸನೆ. ಹೊರಗಿನವರು ಮೂಗು ಮುಚ್ಚುತ್ತಿದ್ದರು. ನಮಗೆ ಅದೇ ಮನೆಯ ವಾಸನೆ.

ಕಲ್ಲು ಎದ್ದ ಹೊತ್ತಿಗೆ ನನ್ನ ತೊಡೆಯ ಮೇಲೆ ಒಂದು ಲಗ್ನಪತ್ರಿಕೆ ಬೋರಲಾಗಿ ಬಿದ್ದಿತ್ತು. ಯಾರ ಲಗ್ನವೋ ಈಗ ನೆನಪಿಲ್ಲ. ಅದರ ಬೆನ್ನಿನ ಮೇಲೆ ನಡುವೆ ಗೆರೆ ಎಳೆದು, ಒಂದು ಕಡೆ ‘ಬಾಂಡು’ ಎಂದೂ ಇನ್ನೊಂದು ಕಡೆ ‘ಖಾತೆ’ ಎಂದೂ ಬರೆದುಕೊಂಡು, ಮೂರು ವಾರಗಳಿಂದ ನಾನು ಹೋಲಿಸುತ್ತ ಕೂತಿದ್ದೆ. ಹಣ ನನ್ನದಾಗಿದ್ದರೆ ಇಷ್ಟು ಹೊತ್ತು ಬೇಕಾಗುತ್ತಿರಲಿಲ್ಲ. ಹೋಲಿಸುವಷ್ಟು ಹಣ ನನ್ನಲ್ಲಿಲ್ಲ. ಹಣ ಅಕ್ಕನದು.

ಅಕ್ಕನ ಯಜಮಾನರನ್ನು ನಾವು ಮಾಮಾ ಎಂದು ಕರೆಯುತ್ತಿದ್ದೆವು. ಮುದ್ದೇಬಿಹಾಳದ ಮನೆತನ, ಬಸವನ ಬಾಗೇವಾಡಿಯಲ್ಲಿ ನೌಕರಿ. ಅಲ್ಲಿ ಒಂದು ಪ್ಲಾಟು ಹಿಡಿದಿದ್ದರು. ಮನೆ ಕಟ್ಟಬೇಕೆನ್ನುತ್ತಲೇ ತೀರಿಕೊಂಡರು. ಅಕ್ಕ ಮಗಳ ಲಗ್ನ ಮಾಡಿ, ಸಿಂದಗಿಗೆ ಬಂದು, ಬಾಡಿಗೆಯ ಒಂದು ತಗಡಿನ ಪತ್ರಾಸಿನ ಶೆಡ್ಡಿನಲ್ಲಿ ರೊಟ್ಟಿ ಬಡಿದು ಮಾರಲು ಶುರುಮಾಡಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಈಗ ಇಬ್ಬರು ಹೆಂಗಸರು ಅವಳ ಕೈಕೆಳಗೆ ಇದ್ದಾರೆ. ಆದರೆ ಮೊಣಕಾಲು ಅವಳ ಮಾತು ಕೇಳುವುದನ್ನು ಬಿಟ್ಟು ಬಹಳ ದಿನವಾಗಿದೆ. ಒಲೆಯ ಮುಂದೆ ಕೂರುವುದು ಇನ್ನೆಷ್ಟು ದಿನವೋ ಎಂದು ಅವಳೇ ಪ್ಲಾಟು ಮಾರಿದಳು. ಆ ಹಣವೇ ಅವಳ ಮುಂದಿನ ದಿನಗಳೆಲ್ಲ. ಅದರ ಹೊರತು ಅವಳಿಗೆ ಬೇರೆ ಆಸ್ತಿಯಿಲ್ಲ, ನನ್ನನ್ನು ಬಿಟ್ಟರೆ. ನಾನು ಯಾವ ಲೆಕ್ಕದ ಆಸ್ತಿ ಎಂಬುದು ನಿಮಗೆ ಮುಂದೆ ತಿಳಿಯುತ್ತದೆ.

"ತಮ್ಮಾ, ಖಾತೇದಾಗ ಸುಮ್ನ ಬಿದ್ದೈತಿ. ಎಲ್ಲಿ ಇಟ್ರ ಛಲೋ ಅಂತ ನೋಡಿ ಹೇಳ," ಎಂದು ಅಕ್ಕ ಹೇಳಿದ್ದಳು.

ನೋಡಿ ಹೇಳು ಎಂದರೆ ನಾನು ನೋಡುತ್ತಲೇ ಇರುವವನು. ಸರಕಾರದ ಬಾಂಡೊಂದಿದೆ; ಏಳು ವರ್ಷ ಮುಟ್ಟುವ ಹಾಗಿಲ್ಲ, ಆದರೆ ಆರು ತಿಂಗಳಿಗೊಮ್ಮೆ, ಜನವರಿಗೆ ಮತ್ತು ಜುಲೈಗೆ, ಬಡ್ಡಿ ಬಂದು ಖಾತೆಗೆ ಬೀಳುತ್ತದೆ. ಉಳಿತಾಯ ಖಾತೆಯ ಬಡ್ಡಿಗೆ ಹೋಲಿಸಿದರೆ ದುಪ್ಪಟ್ಟಿಗೂ ಮಿಕ್ಕಿ. ಬುದ್ಧಿ ಇದ್ದವನು ಇಷ್ಟು ಕೇಳಿಯೇ ಎದ್ದು ಹೋಗಿ ಅರ್ಜಿ ತುಂಬುತ್ತಾನೆ. ನಾನು ಚಿಂತೆಗೆ ಕೂತೆ. ಬಾಂಡಿನಲ್ಲಿಟ್ಟ ಮರುದಿನವೇ ಅಕ್ಕನ ಮೊಣಕಾಲು ಕೈಕೊಟ್ಟರೆ? ಖಾತೆಯಲ್ಲೇ ಬಿಟ್ಟು, ಶೇಂಗಾ ಎಣ್ಣೆಯ ಬೆಲೆ ಓಡಿ, ಬಡ್ಡಿ ಹಿಂದೆ ಬಿದ್ದು ಏದುಸಿರು ಬಿಟ್ಟರೆ? ಬಾಂಡಿನ ಬಡ್ಡಿಯೂ ಆಗಾಗ ಬದಲಾಗುತ್ತದಂತೆ, ಇಳಿದರೆ? ಇಳಿಯದೆ ಏರಿಬಿಟ್ಟರೆ, ‘ಇನ್ನಷ್ಟು ಯಾಕೆ ಇಡಲಿಲ್ಲ’ ಎಂಬ ಬೇರೊಂದು ಸಂಕಟ. ಬ್ಯಾಂಕಿನ ಠೇವಣಿ ಇತ್ತಲ್ಲ ಎನ್ನುತ್ತೀರಿ. ದಯವಿಟ್ಟು ಅನ್ನಬೇಡಿ. ಲಗ್ನಪತ್ರಿಕೆಯ ಬೆನ್ನಿನ ಮೇಲೆ ಮೂರನೆಯ ಗೆರೆಗೆ ಜಾಗವಿರಲಿಲ್ಲ.

ಎರಡು ಕಾಲಂಗಳ ಕೆಳಗೆ ಇನ್ನೊಂದು ಸಾಲು ಹಾಕಿ, ಖಾತೆಯಲ್ಲಿ ಬಿಟ್ಟಷ್ಟಕ್ಕೆ ವರ್ಷಕ್ಕೆ ಎಷ್ಟು ಬಡ್ಡಿ ಕೈತಪ್ಪುತ್ತದೆ ಎಂದು ಲೆಕ್ಕ ಮಾಡಿ, ಅದಕ್ಕೆ ‘ನಷ್ಟ’ ಎಂದು ಹೆಸರಿಟ್ಟಿದ್ದೆ. ಆ ನಷ್ಟವನ್ನು ನೋಡಿದಾಗೆಲ್ಲ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡುತ್ತಿದ್ದೆ. ಹಾಗೆ ಲೆಕ್ಕ ಮಾಡುತ್ತ ಕೂತಷ್ಟೂ ದಿನ ಹಣ ಖಾತೆಯಲ್ಲೇ ಇತ್ತು, ಸಣ್ಣ ಬಡ್ಡಿ ತಿನ್ನುತ್ತ. ಇದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ.

"ಏನ್ರಿ, ನಿಮ್ಮ ಅಕ್ಕನ ರೊಕ್ಕ ನಿಮ್ಮ ಕೈಯಾಗ ಮುಪ್ಪಾತು. ಎಲ್ಯಾರ ಇಡಸ್ರಿ, ಇಲ್ಲಾಂದ್ರ ನನಗ ತಿಳಿಯಂಗಿಲ್ಲ ಅಂತ ಆಕಿಗೆ ಹೇಳಿಬಿಡ್ರಿ. ಜನ್ಮಕ್ಕ ಒಮ್ಮೆ ಆ ಮಾತ ನಿಮ್ಮ ಬಾಯಿಂದ ಕೇಳೂಣು."

ಒಂದು ಸಂಗತಿ ಹೇಳುವುದು ಮರೆತೆ. ಅಕ್ಕನ ಖಾತೆ ತೆಗೆಸಿಕೊಟ್ಟವನು ನಾನೇ. ಮಾಮಾ ತೀರಿಕೊಂಡ ಹೊತ್ತು, ಅವಳು ಮಾತಾಡುವ ಸ್ಥಿತಿಯಲ್ಲಿರಲಿಲ್ಲ; ಅರ್ಜಿಯಲ್ಲಿ ಮೊಬೈಲ್ ನಂಬರಿನ ಜಾಗದಲ್ಲಿ ನನ್ನದನ್ನೇ ಬರೆದಿದ್ದೆ. ಅಂದಿನಿಂದ ಅಕ್ಕ ಸಿಂದಗಿಯ ಎಟಿಎಮ್ಮಿನಲ್ಲಿ ಐನೂರು ತೆಗೆದರೆ ಇಂಡಿಯಲ್ಲಿ ನನ್ನ ಕಿಸೆ ಟಿಣ್ ಎನ್ನುತ್ತದೆ. ನಾನು ಕೂಡಲೇ ಫೋನು ಮಾಡುತ್ತೇನೆ. "ಅಕ್ಕಾ, ಐನೂರು ತಗದಿಯನ? ನೀನ ತಗದಿಯಲ್ಲ? ಯಾತಕ್ಕ?" ಈ ಕಾಲದಲ್ಲಿ ಯಾರು ಯಾರ ಖಾತೆಗೆ ಕೈ ಹಾಕುತ್ತಾರೋ ಹೇಳಲಾಗದು, ಜೋಪಾನ ಇರಬೇಕಲ್ಲ? ಈಚಿನ ತಿಂಗಳುಗಳಲ್ಲಿ ಟಿಣ್ ಬಹಳ ಕಡಿಮೆಯಾಗಿತ್ತು. ಅಕ್ಕನಿಗೆ ಉಳಿತಾಯದ ಬುದ್ಧಿ ಬಂತೆಂದು ಹಿಗ್ಗಿ, ಹೆಂಡತಿಯ ಮುಂದೆ ಎರಡು ಸಲ ಹೇಳಿಯೂ ಇದ್ದೆ.

ವಾಸನೆಗೆ ಬರೋಣ.

ಯಂಕಂಚಿಯ ನಮ್ಮ ಅಂಗಳದಲ್ಲಿದ್ದ ಹಗೇವು ಅಪ್ಪನ ಹೆಮ್ಮೆ. ಸುಗ್ಗಿ ಮುಗಿದ ಕೂಡಲೇ ಜೋಳ ಮಾರುವವರನ್ನು ಕಂಡರೆ ಅವನಿಗೆ ಕನಿಕರ. "ಈಗ ಮಾರಿದ್ರ ಏನ ಸಿಕ್ಕೀತು? ಶ್ರಾವಣಕ್ಕ ಬಾ ಅನ್ನು, ಆ ಮ್ಯಾಲ ರೇಟ್ ಕೇಳ," ಎಂದು ಮೀಸೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದ. ಬೆಲೆ ಏರುವವರೆಗೆ ಕಾಯುವುದು, ಕಾಯುವವನಿಗೆ ಹೆಚ್ಚು ಸಿಗುವುದು. ಬಾಂಡು ಎಂಬ ಶಬ್ದ ಕೇಳದೆಯೇ ಅಪ್ಪ ಅದರ ಮನುಷ್ಯ.

ಹಗೇವು ತೆಗೆಯುವ ದಿನ ನಮಗೆ ಹಬ್ಬ. ಅಪ್ಪ, ಕಾಕಾ, ಜೊತೆಗೆ ಓಣಿಯ ಗಟ್ಟಿ ರಟ್ಟೆಯವರು ಸೇರಿ ಹಾರೆ ಹಾಕಿ ಕಲ್ಲು ಸರಿಸುತ್ತಿದ್ದರು. ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಬೇಕು. ಬಿಸಿಲೇರಿದ ಮೇಲೆ ಅಪ್ಪ ಕಂದೀಲು ಹಚ್ಚಿ, ಹಗ್ಗ ಕಟ್ಟಿ ಒಳಗೆ ಬಿಡುತ್ತಿದ್ದ. ನಾವು ಮಕ್ಕಳು ದೂರ ನಿಂತು ಕತ್ತು ಚಾಚುತ್ತಿದ್ದೆವು. ದೀಪ ನಂದಿದರೆ ಇನ್ನೂ ಕಾಯಬೇಕು, ಉರಿದರೆ ಇಳಿಯಬಹುದು. ನಾನು ಬೆಳೆದು ಚಿಂತೆಯ ಮನುಷ್ಯನಾದದ್ದು ಆ ಕಂದೀಲಿನಿಂದಲೇ ಇರಬೇಕು ಎಂದು ಒಮ್ಮೊಮ್ಮೆ ಅನಿಸುತ್ತದೆ. ಈಗಲೂ ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ ಮನಸ್ಸಿನಲ್ಲಿ ಒಂದು ದೀಪ ಇಳಿಬಿಟ್ಟು ಕಾಯುತ್ತೇನೆ. ಸಾಮಾನ್ಯವಾಗಿ ನಂದಿಬಿಡುತ್ತದೆ.

ದೀಪ ಉರಿಯಿತೆಂದರೆ ಕಾಕಾ ಇಳಿದು ಬುಟ್ಟಿ ತುಂಬಿ ಕೊಡುತ್ತಿದ್ದ. ಕಾಳು ಮುಟ್ಟಿದರೆ ಬೆಚ್ಚಗೆ, ಜ್ವರ ಬಂದವರ ಅಂಗೈಯಂತೆ. ಗೋಡೆಗೆ ಹತ್ತಿದ ಜೋಳ ಕಪ್ಪಗೆ, ಅದು ದನಗಳಿಗೆ. ನಡುವಿನದು ಚೀಲಕ್ಕೆ, ಪೇಟೆಗೆ. ಉಳಿದದ್ದರಲ್ಲಿ ಅಡುಗೆ ಮನೆಯ ದೊಡ್ಡ ಗಡಿಗೆ ತುಂಬುತ್ತಿತ್ತು. ಆಮೇಲೆ ಅವ್ವ ಚೀಲಗಳ ಹಿಂದೆ ಇನ್ನೊಂದು ಸಣ್ಣ ಗಡಿಗೆಯನ್ನೂ ತುಂಬಿ, ಮುಚ್ಚಳದ ಮೇಲೆ ಕಲ್ಲು ಹೇರಿ ಇಡುತ್ತಿದ್ದಳು.

"ಅದ್ಯಾತಕ್ಕ ಎರಡನೇದು?" ಎಂದು ಅಪ್ಪ ಕೇಳಿದರೆ ಅವಳದು ಒಂದೇ ಉತ್ತರ.

"ಇಲಿಗಿ. ಅವಕ್ಕೂ ಒಂದಿಷ್ಟ ಇಟ್ರ ದೊಡ್ಡ ಗಡಗಿ ತಂಟೇಕ್ಕ ಹೋಗೂದಿಲ್ಲ."

ಅಪ್ಪ ನಗುತ್ತಿದ್ದ, ಕಾಕಾ ನಗುತ್ತಿದ್ದ, ನಾವೂ ನಗುತ್ತಿದ್ದೆವು. ಇಲಿಗೆ ಜೋಳ ಎತ್ತಿಟ್ಟು, ಮೇಲೆ ಇಲಿ ತೆರೆಯಲಾಗದಂತೆ ಕಲ್ಲು ಹೇರುವವಳು ಊರಿನಲ್ಲಿ ನಮ್ಮ ಅವ್ವ ಒಬ್ಬಳೇ ಎಂದು ಅವಳನ್ನು ಬಹಳ ದಿನ ಕಾಡಿದೆವು. ಅವಳು ಸಿಟ್ಟಾಗಲಿಲ್ಲ, ಕಲ್ಲನ್ನು ತೆಗೆಯಲೂ ಇಲ್ಲ.

ನಮ್ಮ ಓಣಿಯ ವಾಸನೆ ಮೂಗಿನಲ್ಲಿ ಇರುವಾಗಲೇ ನನಗೆ ಹೊಳೆದದ್ದು ಇದು: ಬಾಂಡು ಎಂದರೆ ಹಗೇವು, ಉಳಿತಾಯ ಖಾತೆ ಎಂದರೆ ಗಡಿಗೆ. ಎಷ್ಟು ಸರಳ! ಅಕ್ಕನಿಗೆ ಇದಕ್ಕಿಂತ ಚೆಂದ ಯಾರು ತಿಳಿಸಿ ಹೇಳಬಲ್ಲರು? ಈ ಹೋಲಿಕೆಯಿಂದ ಬಹಳ ಸಂತೋಷಗೊಂಡು, ಆ ವಾರದ ರವಿವಾರವೇ ಸಿಂದಗಿಯ ಬಸ್ಸು ಹತ್ತಿದೆ. ಸೋಮವಾರ ರಜೆ ಬರೆದುಕೊಟ್ಟಿದ್ದೆ, ಬ್ಯಾಂಕಿನ ಕೆಲಸ ಮುಗಿಸಿಯೇ ಬರುವುದೆಂದು. ಕಾಲ ಬುಡದಲ್ಲಿ ಲಿಂಬಿಯ ಚೀಲಗಳು, ಕಿಟಕಿಯಲ್ಲಿ ಬಿಸಿಗಾಳಿ. ಕೂರಲು ಜಾಗ ಸಿಕ್ಕಿದ್ದರಿಂದ ಚಿಂತೆಗೆ ಅನುಕೂಲವಾಯಿತು.

ಅಕ್ಕನ ಶೆಡ್ಡಿನ ಸದ್ದು ಓಣಿಯ ತುದಿಯಿಂದಲೇ ಕೇಳುತ್ತದೆ. ಟಪ ಟಪ ಎಂದು ಮೂರು ಜೊತೆ ಕೈ ರೊಟ್ಟಿ ಬಡಿಯುತ್ತಿದ್ದವು. ಅಕ್ಕ ಸ್ಟೂಲಿನ ಮೇಲೆ ಕೂತು, ಒಂದು ಕಾಲು ನೀಡಿಕೊಂಡು ಬಡಿಯುತ್ತಿದ್ದಳು.

"ಬಾ ತಮ್ಮಾ. ಮುಖ ಯಾಕ ಹಿಂಗ ಒಣಗೇತಿ? ಬಸ್ಸಿನಾಗ ನಿಂತ ಬಂದಿಯನ?"

"ಇಲ್ಲ, ಕುಂತ ಬಂದೆ."

"ಹಂಗಾರ ಚಿಂತಿ ಮಾಡ್ಕೋತ ಬಂದಿರ್ತಿ. ಏ ಶಾಂತಾ, ನಮ್ಮ ತಮ್ಮಗ ಒಂದ ಬಿಸಿ ರೊಟ್ಟಿ ಕೊಡ. ಬೆಣ್ಣಿ ಹಚ್ಚು. ಬೆಣ್ಣಿ ತಿಂದ್ರ ಏನಾಕ್ಕೈತೋ ಅಂತ ಕೇಳ್ತಾನ, ಉತ್ತರಾ ಕೊಡಬ್ಯಾಡ."

ಶಾಂತಾ ಮುಖ ತಿರುಗಿಸಿ ನಕ್ಕಳು. ನಾನು ರೊಟ್ಟಿ ಮುರಿಯುತ್ತ, ನಮ್ಮ ಓಣಿಯಲ್ಲಿ ಹಗೇವು ತೆರೆದ ಕಥೆ ಹೇಳಿ, ಗಂಟಲು ಸರಿಮಾಡಿಕೊಂಡು ಉಪನ್ಯಾಸಕ್ಕೆ ಇಳಿದೆ.

"ಅಕ್ಕಾ, ಬಾಂಡ್ ಅಂದ್ರ ಹಗೇವ ಅಂತ ತಿಳ್ಕೊ. ಖಾತೆ ಅಂದ್ರ ಅಡಗಿಮನ್ಯಾಗಿನ ಗಡಗಿ. ಹಗೇವಿನಾಗ ಇಟ್ರ ಬಡ್ಡಿ ಹೆಚ್ಚ, ಆದ್ರ ಏಳ ವರ್ಷ ಕಲ್ಲ ಸರಸಾಕ ಬರೂದಿಲ್ಲ. ಗಡಗ್ಯಾಗ ಇಟ್ರ ಬಡ್ಡಿ ಕಡಿಮಿ, ಬೇಕಾದಾಗ ಕೈ ಹಾಕಬಹುದು. ಹೋಲಿಸಿ ನೋಡಿದ್ರ ಎಲ್ಲಾನೂ ಹಗೇವಿನಾಗ ಇಡೂದ ಶ್ಯಾಣ್ಯಾತನ. ಗಡಗ್ಯಾಗ ಬಿಟ್ಟದ್ದೆಲ್ಲಾ ನಷ್ಟ."

ಅಕ್ಕನ ಕೈ ಹಿಟ್ಟಿನ ಮೇಲೆ ನಿಂತಿತು.

"ಹಗೇವ ಯಾರ ತೆಗೀತಿದ್ರೋ?"

"ಯಾರ ಅಂದ್ರ? ಅಪ್ಪ, ಕಾಕಾ..."

"ಅವ್ವ ತೆಗೆದದ್ದ ನೋಡೀಯನ?"

ನಾನು ನೋಡಿರಲಿಲ್ಲ. ಹೆಂಗಸರು ಹಗೇವು ತೆಗೆದದ್ದನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ. ಅಕ್ಕ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ನನ್ನ ಕಡೆ ನೋಡದೆ ಹೇಳತೊಡಗಿದಳು.

"ಅಪ್ಪ ಕಾಕಾ ಮುದ್ದೇಬಿಹಾಳಕ್ಕ ಹೋಗಿದ್ರಲ್ಲ, ನನ್ನ ವರಾ ನೋಡಾಕ. ನೀ ಸಣ್ಣಾಂವ ಇದ್ದಿ. ನಾಳಿ ಬರ್ತೇವಿ ಅಂದೋರು, ಅಲ್ಲಿ ಮಾತುಕತಿ, ಇಲ್ಲಿ ಬೀಗರು ಅಂತ ಹೇಳಿ ವಾರಾದ್ರೂ ಬರಲಿಲ್ಲ. ಗಡಗಿ ಬರಿದಾತು. ಅಂಗಳದಾಗ ಹಗೇವ ತುಂಬೇತಿ. ದಿನಾ ಆ ಕಲ್ಲಿನ ಮ್ಯಾಲ ಸಾರಿಸಿ ರಂಗೋಲಿ ಹಾಕಾಕಿ ನಾನ. ಆದ್ರ ಎತ್ತೋರ ಯಾರು? ಎತ್ತೋರ ಸಿಕ್ಕ್ರೂ ಅಪ್ಪನ್ನ ಕೇಳದ ಯಾರ ಮುಟ್ಟಬೇಕು? ಅವ್ವ ನನ್ನ ಕೈಯಾಗ ಸೇರ ಕೊಟ್ಟು, ಜೋಳ ಕಡಾ ತರಾಕ ಬಾಜೂ ಮನಿ ಹುಸೇನಬಿ ಚಾಚಿ ಕಡೆ ಕಳಿಸಿದ್ಲು, ಸೆರಗಿನಾಗ ಮುಚ್ಚಿಕೊಂಡ ಹೋಗ ಅಂತ ಹೇಳಿ."

"ಇದ ನನಗ ಗೊತ್ತ ಇಲ್ಲ," ಎಂದೆ.

"ನಿನಗ ಹ್ಯಾಂಗ ಗೊತ್ತಾಗಬೇಕು? ಆ ರೊಟ್ಟಿ ತಿಂದಾಂವ ನೀನ. ಚಾಚಿ ಸೇರ ನೋಡಿ ಒಂದ ಸವನೆ ನಕ್ಕಳು. ‘ಅಯ್ಯ ಹುಡಿಗಿ, ನಿಮ್ಮ ಕಾಲಬುಡಕ ಜೋಳದ ಹೊಳಿ ಹರಿತೈತಿ, ನಮ್ಮ ಗಡಗಿ ಬಡದ ನೋಡಾಕ ಬಂದೀಯಲ್ಲ!’ ಅಂದ್ಲು. ಕೆಟ್ಟಾಕಿ ಅಲ್ಲ ಆಕಿ. ಸೇರ ತುಂಬಿ ಮ್ಯಾಲ ಗುಡ್ಡಾ ಮಾಡಿ ಕೊಟ್ಲು. ಕಾಳಜೀಲೆ ಕೇಳಿದ್ಲು, ಯಾಕ, ಏನು, ಗಂಡಸರು ಎಲ್ಲಿ ಹೋಗ್ಯಾರ, ಯಾವಾಗ ಬರ್ತಾರ, ವರಾ ಏನ ಮಾಡ್ತಾನ. ಎಲ್ಲಾದಕ್ಕೂ ಉತ್ತರಾ ಕೊಟ್ಟ ಮ್ಯಾಲ ಸೇರ ನನ್ನ ಕೈಗೆ ಬಂತು."

ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅಕ್ಕ ಅದನ್ನು ಬಟ್ಟೆಯಿಂದ ಒತ್ತಿದಳು.

"ಆ ವರ್ಷದಿಂದ ಅವ್ವ ಎರಡನೇ ಗಡಗಿ ಇಟ್ಲು. ನೀವೆಲ್ಲಾ ನಗತಿದ್ರಿ. ಇಲಿ ಅಂದ್ರ ಯಾರು ಅಂತ ಮಾಡಿದ್ದಿ?"

ಅಂಗಳದ ಅದೇ ಕಲ್ಲನ್ನು ಕುರಿತು ನನ್ನ ಬಳಿ ಇದ್ದದ್ದು ಒಂದು ವಾಸನೆ, ಒಂದು ಕಂದೀಲು. ಅಕ್ಕನ ಬಳಿ ಇದ್ದದ್ದು ಸೆರಗಿನಡಿಯ ಒಂದು ಸೇರು. ಒಂದೇ ಮನೆಯಲ್ಲಿ ಬೆಳೆದವರು ನಾವು.

"ಅದಕ್ಕ ಹೇಳ್ತೇನಿ ಅಕ್ಕಾ," ಎಂದು ನಾನು ಚೇತರಿಸಿಕೊಂಡೆ. ಸೋತ ವಾದವನ್ನು ಬೇರೆ ಬಾಗಿಲಿನಿಂದ ಒಳಗೆ ತರುವುದು ನನಗೆ ಕಚೇರಿ ಕಲಿಸಿದ ವಿದ್ಯೆ. "ಬಾಂಡ್ ಬ್ಯಾಡ ಅಂದ್ರ ಬ್ಯಾಡ. ಎಲ್ಲಾ ಖಾತೇದಾಗ ಇರಲಿ. ಗಡಗ್ಯಾಗ. ನಿನ್ನ ಕೈಗೆ ಹತ್ತರ."

ಅಕ್ಕ ಈಗ ನನ್ನನ್ನು ಪೂರಾ ತಿರುಗಿ ನೋಡಿದಳು. ಸಿಟ್ಟಿರಲಿಲ್ಲ; ನಗೆ ತಡೆದುಕೊಂಡಂತಿತ್ತು.

"ನನ್ನ ಕೈಗೆ? ಅವ್ವನ ಗಡಗಿ ಮುಚ್ಚಳಾ ಅವ್ವನ ಕೈಯಾಗಿತ್ತು ತಮ್ಮಾ. ನನ್ನ ಗಡಗಿ ಮುಚ್ಚಳಾ ನಿನ್ನ ಕಿಸೇದಾಗ ಐತಿ. ಸರಿಸಿದಾಗೊಮ್ಮೆ ಟಿಣ್ ಅಂತೈತಿ."

ಶಾಂತಾಳ ಕೈ, ಇನ್ನೊಬ್ಬಳ ಕೈ, ಎರಡೂ ನಿಂತವು.

"ಹೋದ ತಿಂಗಳ ಮೊಣಕಾಲ ತೋರಸಾಕ ವಿಜಯಪುರಕ್ಕ ಹೋಗಿದ್ದೆ," ಎಂದಳು ಅಕ್ಕ.

"ಹೇಳಲೇ ಇಲ್ಲ! ಏನಂದ್ರು? ಯಾವ ಡಾಕ್ಟರು? ಆಪರೇಶನ್ ಅಂದ್ರನ? ರೊಕ್ಕ? ಖಾತೇದಾಗಿಂದ ತಗದಿಲ್ಲಲ್ಲ ನೀ, ನನಗ ಬರಲಿಲ್ಲ..."

"ಕೇಳಿದಿ?" ಅಕ್ಕ ಶಾಂತಾಳ ಕಡೆ ನೋಡಿದಳು. "ಇದಕ್ಕ ತಗೀಲಿಲ್ಲ. ರೊಟ್ಟಿ ಒಯ್ಯೂ ಅಂಗಡಿಯವ್ರ ಕಡೆ ಮುಂಗಡಾ ಇಸ್ಕೊಂಡ ಹೋದೆ. ಕಾಲನೋವ ಹ್ಯಾಂಗರ ತಡಕೋಬಹುದು, ಈ ಪ್ರಶ್ನಿ ತಡಕೊಳ್ಳಾಕ ಆಗೂದಿಲ್ಲ."

"ಕಾಳಜಿ ಅಕ್ಕಾ..."

"ಗೊತ್ತೈತೋ. ಚಾಚೀದೂ ಕಾಳಜೀನ ಇತ್ತು."

ಟಿಣ್ ಕಡಿಮೆಯಾದ ತಿಂಗಳುಗಳು ಒಂದೊಂದೇ ನನ್ನ ಮುಂದೆ ಬಂದು ನಿಂತವು. ಅಕ್ಕನಿಗೆ ಉಳಿತಾಯದ ಬುದ್ಧಿ ಬಂತು ಎಂದು ಹಿಗ್ಗಿದ ತಿಂಗಳುಗಳು. ಆಗೆಲ್ಲ ಅವಳು ತುಂಬಿದ ಗಡಿಗೆಯನ್ನು ಮನೆಯಲ್ಲಿಟ್ಟುಕೊಂಡು, ಸೇರು ಹಿಡಿದು ಅಂಗಡಿಯವರ ಬಾಗಿಲಿಗೆ ಹೋಗಿದ್ದಳು. ಬಾಂಡು ಹೆಚ್ಚೋ ಖಾತೆ ಹೆಚ್ಚೋ ಎಂದು ನಾನು ಲಗ್ನಪತ್ರಿಕೆ ಸವೆಯುವಷ್ಟು ಬರೆದಿದ್ದೆನಲ್ಲ, ಆ ಎರಡೂ ಕಾಲಂಗಳ ಹಣಕ್ಕೆ ಬೇರೆಯೇ ಒಂದು ಕಲ್ಲು ಮುಚ್ಚಿತ್ತು. ಆ ಕಲ್ಲಿನ ಮೇಲೆ ಕೂತು ನಾನು ಲೆಕ್ಕ ಮಾಡುತ್ತಿದ್ದೆ.

ಆ ರಾತ್ರಿ ಅಕ್ಕನ ಮನೆಯಲ್ಲಿ ನನಗೆ ನಿದ್ದೆ ಬಂತೋ ಇಲ್ಲವೋ ಎಂದು ಕೇಳಬೇಡಿ. ಅಕ್ಕನಿಗೆ ಬಂದಿತ್ತು. ಗೊರಕೆ ಕೇಳುತ್ತಿತ್ತು.

ಮರುದಿನ ಬ್ಯಾಂಕಿನಲ್ಲಿ ಬೇರೆ ಊರ ಕಡೆಯ ತರುಣಿಯೊಬ್ಬಳು ಅಧಿಕಾರಿ. ಅಕ್ಕ ಕುರ್ಚಿಯಲ್ಲಿ ಕೂತಳು. ನಾನು ಅವಳ ಹೆಗಲ ಹಿಂದೆ, ದೇವರ ಫೋಟೋದ ಹಿಂದಿನ ಹಲ್ಲಿಯ ಹಾಗೆ.

"ಮೊಬೈಲ್ ನಂಬರ್ ಹೇಳಿ ಅಮ್ಮಾ."

ನನ್ನ ಬಾಯಿ ತಾನಾಗಿ ತೆರೆಯಿತು. ಮೊದಲ ಅಂಕಿ ಹೊರಗೂ ಬಂತು.

"ಅದ ಅವಂದು," ಎಂದಳು ಅಕ್ಕ. "ಅದನ್ನ ತಗದು ನಂದ ಹಾಕ್ರಿ." ತನ್ನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದಳು. ರೊಟ್ಟಿಯ ಆರ್ಡರು ಬರುವ ನಂಬರು. ಸಿಂದಗಿಯ ಅರ್ಧ ಹೋಟೆಲುಗಳಿಗೆ ಬಾಯಿಪಾಠ ಇದ್ದ ನಂಬರನ್ನು ನಾನು ಯಾಕೆ ಬ್ಯಾಂಕಿಗೆ ಕೊಟ್ಟಿರಲಿಲ್ಲ ಎಂದು ಯಾರೂ ಕೇಳಲಿಲ್ಲ.

"ಬಾಂಡಿಗೆ ಎಷ್ಟು ಹಾಕ್ತೀರಿ? ಖಾತೆಯಲ್ಲಿ ಎಷ್ಟು ಬಿಡ್ತೀರಿ? ಬಾಂಡಿನ ಬಡ್ಡಿ ಈ ಖಾತೆಗೇ ಬರುತ್ತೆ, ನಿಮ್ಮ ಫೋನಿಗೆ ಮೆಸೇಜ್ ಬರುತ್ತೆ."

"ತಾನ ಬಂದ ಬೀಳ್ತೈತಿ? ಯಾರನ್ನೂ ಕೇಳೂದ ಬ್ಯಾಡ?"

"ಬೇಡ. ತಾನಾಗೇ ಬರುತ್ತೆ."

ಅಕ್ಕ ನನ್ನ ಕಡೆ ತಿರುಗಿ, ಬಹಳ ಮೆತ್ತಗೆ, "ತಮ್ಮಾ, ನೀ ಹೊರಗ ಬೆಂಚಿನ ಮ್ಯಾಲ ಕುಂಡ್ರತೀಯನ?" ಎಂದಳು.

ಹೊರಗೆ ಬಂದು ಕೂತೆ. ವಾರಗಟ್ಟಲೆ ಹೋಲಿಸಿದವನು ನಾನು, ತೀರ್ಮಾನ ಗಾಜಿನ ಆ ಕಡೆ. ಅಕ್ಕನ ಬೆನ್ನು ಕಾಣುತ್ತಿತ್ತು, ತುಟಿ ಕಾಣುತ್ತಿರಲಿಲ್ಲ. ಅರ್ಧಕ್ಕರ್ಧ ಇಟ್ಟರೆ ಇಷ್ಟು, ಮುಕ್ಕಾಲು ಇಟ್ಟರೆ ಇಷ್ಟು ಎಂದು ಬೆಂಚಿನ ಮೇಲೆ ಬೆರಳಾಡಿಸುತ್ತ ಕೂತೆ. ಪಕ್ಕದಲ್ಲಿದ್ದ ಮುದುಕರು ಸ್ವಲ್ಪ ದೂರ ಸರಿದು ಕೂತರು. ಅಕ್ಕ ಹೊರಬಂದವಳೇ, "ನಡಿ, ಚಹಾ ಕುಡಿಯೂಣು," ಎಂದಳು.

"ಎಷ್ಟ ಇಟ್ಟಿ?"

"ದೊಡ್ಡದ ಹಗೇವಿಗೆ. ಸಣ್ಣದ ಇಲಿಗಿ."

"ಸಣ್ಣದು ಅಂದ್ರ ಎಷ್ಟ ಸಣ್ಣದು?"

"ಒಂದ ವರ್ಷ ಯಾರ ಬಾಗಲಾನೂ ಬಡೀಬಾರದು, ಅಷ್ಟು," ಎಂದು ಹೇಳಿ, ಅಂಗಡಿಯವರ ಮುಂಗಡ ತೀರಿಸಲೆಂದು ಅಲ್ಲೇ ಎಟಿಎಮ್ಮಿನ ಒಳಗೆ ಹೋದಳು. ನಾನು ಕಿಸೆಯ ಮೇಲೆ ಕೈಯಿಟ್ಟುಕೊಂಡು ನಿಂತೆ. ಒಳಗೆ ಅವಳ ಚೀಲದಲ್ಲಿ ಟಿಣ್ ಎಂದಿತು. ಅವಳು ಬೆಚ್ಚಿಬಿದ್ದು, ಆಮೇಲೆ ಒಬ್ಬಳೇ ನಕ್ಕದ್ದು ಗಾಜಿನಲ್ಲಿ ಕಂಡಿತು.

ತಿರುಗಿ ಬರುವ ಬಸ್ಸಿನಲ್ಲಿ ಲಗ್ನಪತ್ರಿಕೆಯನ್ನು ತೆಗೆದು ನೋಡಿದೆ. ಇಲಿಯ ಗಡಿಗೆಯಲ್ಲಿ ಇಟ್ಟದ್ದಕ್ಕೆ ಬಾಂಡಿನ ಬಡ್ಡಿ ತಪ್ಪುವುದು ನಿಜವೇ. ಆ ಲೆಕ್ಕದಲ್ಲಿ ತಪ್ಪಿಲ್ಲ. ‘ನಷ್ಟ’ ಎಂಬ ಶಬ್ದವನ್ನು ಹೊಡೆದು ಹಾಕಿದೆ. ಅದರ ಜಾಗದಲ್ಲಿ ಬರೆಯಲು ಇನ್ನೊಂದು ಹೆಸರು ಹುಡುಕಿದೆ. ಬಸ್ಸು ಕುಲುಕುತ್ತಿತ್ತು, ಹೊಳೆಯಲಿಲ್ಲ. ಖಾಲಿ ಬಿಟ್ಟೆ.

ನಮ್ಮ ಓಣಿಯ ಹಗೇವಿನಲ್ಲಿ ಜೋಳವೇನೂ ಸಿಗಲಿಲ್ಲ. ತಳದಲ್ಲಿ ಒಂದಿಷ್ಟು ಕಪ್ಪು ಹೊಟ್ಟು. ಗುತ್ತಿಗೆದಾರ ಗರಸು ಮಣ್ಣು ತುಂಬಿಸಿ, ಪೈಪು ಎಳೆದು, ಮೇಲೆ ಸಿಮೆಂಟು ಬಳಿದು ಹೋದ. ವಾಸನೆ ಮಾತ್ರ ಕೆಲವು ದಿನ ಕಟ್ಟೆಯ ಹತ್ತಿರ ಸುಳಿದಾಡಿತು. ಈಗ ಮಳೆ ಶುರುವಾಗಿದೆ. ಗರಸು ಕುಸಿದು ಅಲ್ಲೊಂದು ತಗ್ಗು ಬಿದ್ದಿದೆ, ನೀರು ನಿಲ್ಲುತ್ತದೆ. ಕಚೇರಿಗೆ ಹೋಗುವಾಗ ನಾನು ಅದನ್ನು ಸುತ್ತಿಕೊಂಡು ಹೋಗುತ್ತೇನೆ. ಒಳಗೆ ಇನ್ನೂ ಕುಸಿದರೆ ಎಂಬ ಚಿಂತೆ ಒಂದು, ರಂಗೋಲಿಯ ನೆನಪು ಒಂದು.

ಕಿಸೆ ಸುಮ್ಮನಿದೆ. ಈ ಸುಮ್ಮನಿರುವಿಕೆ ಎಂಥ ಹಿಂಸೆ ಎಂದು ನಿಮಗೆ ಹೇಗೆ ಹೇಳಲಿ? ಫೋನು ಕೆಟ್ಟಿತೇ ಎಂದು ಹೆಂಡತಿಯ ಫೋನಿನಿಂದ ಕರೆ ಮಾಡಿ ನೋಡಿದ್ದೂ ಉಂಟು. ಜುಲೈ ಬಂದಿದೆ, ಬಾಂಡಿನ ಮೊದಲ ಬಡ್ಡಿ ಬೀಳುವ ಹೊತ್ತು ಇದೇ ಎಂದು ನನಗೆ ಗೊತ್ತು. ಬಿತ್ತೋ ಇಲ್ಲವೋ, ಪೂರಾ ಬಿತ್ತೋ, ಅಕ್ಕ ನೋಡಿಕೊಂಡಳೋ. ಕೇಳಬಾರದು ಎಂದು ನಿಶ್ಚಯಿಸಿ ಎರಡು ದಿನ ತಡೆದೆ. ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತು, ತಗ್ಗಿನ ನೀರಿನಲ್ಲಿ ಹನಿ ಬೀಳುವುದನ್ನು ನೋಡುತ್ತ, ಕೊನೆಗೆ ಫೋನು ಹಚ್ಚಿದೆ. ಬಡ್ಡಿಯ ಮಾತು ಎತ್ತಬಾರದು. ಮೊಣಕಾಲಿನ ಮಾತೂ ಅವಳೇ ಎತ್ತಿದರೆ ಮಾತ್ರ.

"ಅಕ್ಕಾ, ಆ ಕಡೆ ಮಳಿ ಹ್ಯಾಂಗೈತಿ?"

ಆ ತುದಿಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಬಡ್ಡಿ ಬಂದೈತ್ಯೋ ತಮ್ಮಾ. ನೀ ಉಂಡ ಮಲಕೋ."

"ಹೌದನ? ಎಷ್ಟ ಬಂತು?" ಎಂದು ನನ್ನ ಬಾಯಿ ನನ್ನನ್ನು ಕೇಳದೆಯೇ ಕೇಳಿಬಿಟ್ಟಿತು.

"ಮಳೀನ?" ಎಂದಳು ಅಕ್ಕ. "ಛಲೋ ಆಗೇತಿ."